ರೇಸಿಗೆ ಮೊದಲು ಸರ್ಕೀಟ್ ನಕ್ಷೆ ಓದುವುದು ಹೇಗೆ: ಓವರ್‌ಟೇಕ್ ಎಲ್ಲಿ, ಮೊದಲು ಸಾಯುವ ಟೈರ್ ಯಾವುದು

ಯುರೋಪಿನ ಫಾರ್ಮುಲಾ ಒನ್ ರೇಸುಗಳು ಹೆಚ್ಚಾಗಿ ನಮಗೆ ಭಾನುವಾರ ಸಂಜೆ ಆರೂವರೆಗೆ ಶುರುವಾಗುತ್ತವೆ. ಶನಿವಾರ ರಾತ್ರಿ ಊಟ ಆದಮೇಲೆ ಕಾಲು ಗಂಟೆ ಬಿಡುವು ಮಾಡಿಕೊಳ್ಳಿ. ಆ ಸರ್ಕೀಟಿನ ನಕ್ಷೆಯ ಒಂದು ಪ್ರಿಂಟ್, ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು. ಇಷ್ಟಿದ್ದರೆ ಸಾಕು. ಓವರ್‌ಟೇಕ್ ಆಗುವ ಜಾಗಕ್ಕೆ ಕೆಂಪು, ಟೈರ್ ತಿನ್ನುವ ಜಾಗಕ್ಕೆ ನೀಲಿ. ಮೊಬೈಲಿನಲ್ಲೇ ನೋಡಿದರೆ ಆಗಲ್ವಾ ಅಂತ ಹುಡುಗರು ಕೇಳುತ್ತಾರೆ. ಆಗುತ್ತೆ, ಆದರೆ ತಲೆಯಲ್ಲಿ ನಿಲ್ಲಲ್ಲ. ಕೈಯಿಂದ ಗೆರೆ ಎಳೆಯಬೇಕು.

ನಾನು ರೇಸ್ ಓಡಿಸಿದವನಲ್ಲ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನನ್ನದೊಂದು ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿ ಇದೆ. ಗಾಲಿ ಬಿಚ್ಚಿ ಕೆಳಗಿಟ್ಟ ಕೂಡಲೇ ಟೈರಿನ ಮೇಲೆ ಅಡ್ಡಲಾಗಿ ಅಂಗೈ ಆಡಿಸಿ ನೋಡುತ್ತೇನೆ. ಒಂದು ಕಡೆಗೆ ಸವರಿದರೆ ನುಣ್ಣಗಿದ್ದು, ವಾಪಸ್ ಸವರುವಾಗ ಅಂಚುಗಳು ಕೈಗೆ ಚುಚ್ಚಿದರೆ ಟೋ, ಅಂದರೆ ಗಾಲಿಗಳು ಒಳಕ್ಕೋ ಹೊರಕ್ಕೋ ಮುಖಮಾಡಿರುವ ಕೋನ, ಕೆಟ್ಟಿದೆ ಅಂತ ಅರ್ಥ. ಒಳ ಅಂಚು ಮಾತ್ರ ಬೋಳಾಗಿದ್ದರೆ ಕ್ಯಾಂಬರ್, ಅಂದರೆ ಗಾಲಿ ನಿಂತಲ್ಲೇ ಪಕ್ಕಕ್ಕೆ ವಾಲಿರುವ ಕೋನ, ನೋಡಬೇಕು. ಗಾಳಿ, ಅಲೈನ್‌ಮೆಂಟ್ ಎರಡೂ ಸರಿಯಿದ್ದು, ಮುಂದಿನ ಎರಡೂ ಟೈರುಗಳ ಹೊರ ಅಂಚು ದುಂಡಗಾಗಿದ್ದರೆ ಆ ಗಾಡಿ ಘಟ್ಟದಲ್ಲಿ ಜಾಸ್ತಿ ಓಡುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ವಾರವಾರ ಹೋಗಿಬರುವ ಟ್ಯಾಕ್ಸಿಗಳ ಟೈರ್ ಹೀಗೇ ಇರುತ್ತವೆ. ಬೈಪಾಸ್ ಮೇಲೆ ನೇರ ಓಡುವ ಗಾಡಿಗೆ ಹೀಗಾಗಲ್ಲ. ಟೈರ್ ನೋಡಿ ರಸ್ತೆ ಹೇಳುವುದು ನನ್ನ ದಿನದ ಕೆಲಸ. ಸರ್ಕೀಟ್ ನಕ್ಷೆ ಓದುವಾಗ ಇದನ್ನೇ ಉಲ್ಟಾ ಮಾಡಬೇಕು. ರಸ್ತೆ ನೋಡಿ ಟೈರ್ ಹೇಳಬೇಕು.

ಮೊದಲು ಬಾಣ

ಎಲ್ಲ ನಕ್ಷೆಯಲ್ಲೂ ಗಾಡಿ ಓಡುವ ದಿಕ್ಕಿಗೆ ಒಂದು ಬಾಣ ಇರುತ್ತದೆ. ಗಡಿಯಾರದ ಮುಳ್ಳಿನ ದಿಕ್ಕಾದರೆ ಬಲ ತಿರುವುಗಳು ಜಾಸ್ತಿ, ಭಾರ ಎಡಗಡೆಯ ಟೈರುಗಳ ಮೇಲೆ. ಹೆಚ್ಚಿನ ಸರ್ಕೀಟುಗಳು ಹೀಗೇ. ಬ್ರೆಜಿಲ್‌ನ ಇಂಟರ್‌ಲಾಗೋಸ್, ಅಮೆರಿಕದ ಆಸ್ಟಿನ್, ಇಟಲಿಯ ಇಮೋಲಾ, ಇಸ್ತಾಂಬುಲ್ ಮುಂತಾದವು ಉಲ್ಟಾ. ಅಲ್ಲಿ ಬಲಗಡೆಯ ಟೈರುಗಳಿಗೆ ಕೆಲಸ. ಜಪಾನಿನ ಸುಜುಕಾ ಇಂಗ್ಲಿಷ್ ಎಂಟರ ಆಕಾರದಲ್ಲಿದೆ. ಟ್ರ್ಯಾಕ್ ತನ್ನ ಮೇಲೆಯೇ ಸೇತುವೆ ಹಾಕಿಕೊಂಡು ದಾಟುತ್ತದೆ. ಹಾಗಾಗಿ ಅಲ್ಲಿ ಎರಡೂ ಬದಿಗೆ ಹೆಚ್ಚುಕಡಿಮೆ ಸಮ ಏಟು. ಬಾಣ ನೋಡಿ ಮೂಲೆಯಲ್ಲಿ ‘ಎಡ’ ಅಥವಾ ‘ಬಲ’ ಅಂತ ನೀಲಿಯಲ್ಲಿ ಬರೆದಿಡಿ. ಇದಕ್ಕೆ ಅರ್ಧ ನಿಮಿಷ ಸಾಕು.

ಕೆಂಪು ಪೆನ್ನು: ಸ್ಟ್ರೇಟನ್ನು (ನೇರ ದಾರಿಯನ್ನು) ತುದಿಯಿಂದ ಹಿಂದಕ್ಕೆ ಓದಿ

ವಿದ್ಯಾನಗರದ ಇಂಜಿನಿಯರಿಂಗ್ ಕಾಲೇಜಿನ ಒಬ್ಬ ಹುಡುಗ ಪ್ರತಿ ರೇಸಿಗೂ ಮೊದಲು ಅಂಗಡಿಗೆ ಬಂದು ಮೊಬೈಲ್ ಹಿಡಿಯುತ್ತಾನೆ. "ಕಾಕಾ, ಇಲ್ಲಿ ನೋಡ್ರಿ, ಉದ್ದನ್ನ ಸ್ಟ್ರೇಟ್ ಐತಿ. ಓವರ್‌ಟೇಕ್ ಇಲ್ಲೇ ಆಗ್ತೈತಿ, ಹೌದಲ್ರಿ?"

"ಸ್ಟ್ರೇಟ್ ಉದ್ದ ಐತಿ ಖರೆ. ಅದರ ತುದಿಗೆ ಏನೈತಿ ಹೇಳು ಮೊದಲ."

ಎಲ್ಲರೂ ತಪ್ಪುವುದು ಇಲ್ಲೇ. ಸ್ಟ್ರೇಟಿನ ಉದ್ದ ಅಳೆದು ಸುಮ್ಮನಾಗುತ್ತಾರೆ. ಆದರೆ ಓವರ್‌ಟೇಕ್ ಹೆಚ್ಚಾಗಿ ಮುಗಿಯುವುದು ಸ್ಟ್ರೇಟ್ ಮೇಲಲ್ಲ, ಅದರ ತುದಿಯಲ್ಲಿ ಬ್ರೇಕ್ ಹೊಡೆಯುವ ಜಾಗದಲ್ಲಿ. ಹಿಂದಿನವನು ಮುಂದಿನವನಿಗಿಂತ ನಾಲ್ಕು ಮೀಟರ್ ತಡವಾಗಿ ಬ್ರೇಕ್ ಹೊಡೆದು ಒಳಗಿನ ಸಾಲು ಹಿಡಿಯಬೇಕು. ಅದಕ್ಕೆ ಬ್ರೇಕಿನ ಜಾಗ ಉದ್ದ ಇರಬೇಕು. ಅದು ಉದ್ದ ಆಗಬೇಕಾದರೆ ತುದಿಯ ತಿರುವು ನಿಧಾನದ್ದಾಗಿರಬೇಕು. ವೇಗ ಎರಡರಷ್ಟಾದರೆ ಗಾಡಿಯಲ್ಲಿರುವ ಶಕ್ತಿ ನಾಲ್ಕರಷ್ಟು. 320 ಕಿ.ಮೀ. ವೇಗದಿಂದ 80ಕ್ಕೆ ಇಳಿಸುವಾಗ ಬ್ರೇಕು ಕರಗಿಸುವ ಶಕ್ತಿ, 200ರಿಂದ 80ಕ್ಕೆ ಇಳಿಸುವುದರ ಹತ್ತಿರ ಹತ್ತಿರ ಮೂರು ಪಟ್ಟು. ಇಟಲಿಯ ಮೋಂಜಾದ ಮೊದಲ ಚಿಕೇನ್‌ಗೆ (ವೇಗ ತಗ್ಗಿಸಲು ಹಾಕಿದ ಅಂಕುಡೊಂಕು ತಿರುವಿಗೆ) ಗಾಡಿಗಳು ಗಂಟೆಗೆ 340 ಕಿ.ಮೀ. ಆಸುಪಾಸಿನಲ್ಲಿ ಬಂದು 80ರ ಹತ್ತಿರಕ್ಕೆ ಇಳಿಯುತ್ತವೆ. ಅಲ್ಲಿ ಕಣ್ಣುಮುಚ್ಚಿ ಕೆಂಪು ಗುರುತು ಹಾಕಿ.

ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನ ಕಾಪ್ಸ್ ಅನ್ನುವ ತಿರುವು ಇದಕ್ಕೆ ಉಲ್ಟಾ. ಅದರ ಮುಂಚೆಯೂ ಸ್ಟ್ರೇಟ್ ಇದೆ. ಆದರೆ ಕಾಪ್ಸ್ ತುಂಬ ಜೋರಿನ ಬಲ ತಿರುವು, ಬ್ರೇಕಿಗೆ ಹೆಚ್ಚು ಕೆಲಸವೇ ಇಲ್ಲ. 2021ರಲ್ಲಿ ಮೊದಲ ಲ್ಯಾಪಿನಲ್ಲೇ (ಸುತ್ತಿನಲ್ಲೇ) ಡ್ರೈವರ್ ಹ್ಯಾಮಿಲ್ಟನ್ ಅಲ್ಲಿ ವೆರ್‌ಸ್ಟಾಪನ್ ಪಕ್ಕಕ್ಕೆ ನುಗ್ಗಿದಾಗ ವೆರ್‌ಸ್ಟಾಪನ್ ಗೋಡೆಗೆ ಹೋಗಿ ಬಡಿದದ್ದು ನೆನಪಿದೆಯಲ್ವಾ? ಜೋರಿನ ತಿರುವಿನಲ್ಲಿ ಇಬ್ಬರಿಗೆ ಜಾಗ ಇರಲ್ಲ. ಕೆಂಪು ಗುರುತು ಬೇಡ.

ಈಗ ಅದೇ ಸ್ಟ್ರೇಟಿನ ಬುಡಕ್ಕೆ ಬನ್ನಿ. ಅದಕ್ಕೆ ಮೊದಲು ಬರುವ ತಿರುವು ಯಾವ ತರಹದ್ದು? ನನ್ನ ಪ್ರಕಾರ ನಕ್ಷೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗ ಇದೇ, ಜನ ಎಲ್ಲಕ್ಕಿಂತ ಕಡಿಮೆ ನೋಡುವ ಜಾಗವೂ ಇದೇ. ಅದು ಜೋರಿನ ತಿರುವಾದರೆ ಹಿಂದಿನ ಗಾಡಿಗೆ ಕಷ್ಟ. ಮುಂದಿನ ಗಾಡಿ ಕಲಕಿ ಬಿಟ್ಟ ಗಾಳಿ ಇವನ ರೆಕ್ಕೆಗಳ ಮೇಲೆ ಬೀಳುತ್ತದೆ. ನೆಲಕ್ಕೆ ಒತ್ತುವ ಡೌನ್‌ಫೋರ್ಸ್ ಕಡಿಮೆಯಾಗಿ ಮುಂದಿನ ಗಾಲಿಗಳು ಜಾರುತ್ತವೆ. ಇವನು ಆಕ್ಸಿಲರೇಟರ್ ಬಿಡಲೇಬೇಕು, ಅಷ್ಟರಲ್ಲಿ ಮುಂದಿನವನು ದೂರ ಹೋದ. ನಿಧಾನದ ತಿರುವಿನಲ್ಲಿ ಗಾಳಿಯ ಆಟ ಕಡಿಮೆ, ಹತ್ತಿರ ಅಂಟಿಕೊಂಡು ಬರಬಹುದು. 2022ರಲ್ಲಿ ಗಾಡಿಯ ಅಡಿಭಾಗದಿಂದಲೇ ಹೆಚ್ಚು ಡೌನ್‌ಫೋರ್ಸ್ ಬರುವ ಹಾಗೆ ನಿಯಮ ಬದಲಿಸಿದ್ದೇ ಈ ತೊಂದರೆ ತಗ್ಗಿಸಲು. ಮೊದಲು ಗುಣ ಕಂಡಿತು. ಆಮೇಲೆ ತಂಡಗಳು ಗಾಡಿ ಸುಧಾರಿಸುತ್ತ ಹೋದ ಹಾಗೆ ಕಲಕಿದ ಗಾಳಿ ಮತ್ತೆ ಬಂತು.

ಇಲ್ಲಿ ಟಿವಿ ಒಂದು ಮೋಸ ಮಾಡುತ್ತದೆ. ಹೇರ್‌ಪಿನ್‌ನಲ್ಲಿ, ಅಂದರೆ ಪೂರ್ತಿ ಹಿಂದಕ್ಕೆ ಹೊರಳುವ ಇಕ್ಕಟ್ಟಿನ ತಿರುವಿನಲ್ಲಿ, ಎರಡು ಗಾಡಿಗಳು ಬಾಲ ಹಿಡಿದ ಹಾಗೆ ಕಾಣುತ್ತವೆ, ಸ್ಟ್ರೇಟಿಗೆ ಬಂದ ಕೂಡಲೇ ಹಿಂದಿನದು ಎಲ್ಲೋ ಉಳಿದುಬಿಡುತ್ತದೆ. ನಮ್ಮ ಹುಡುಗರು "ಏ, ಪವರ್ ಇಲ್ಲೋ ಇವಂಗ" ಅಂತ ಬೈಯುತ್ತಾರೆ. ಪವರ್ ಪ್ರಶ್ನೆ ಅಲ್ಲ, ಲೆಕ್ಕ. 80 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಅಂತರ ಅಂದರೆ 22 ಮೀಟರ್. ಅದೇ ಒಂದು ಸೆಕೆಂಡ್ 300 ಕಿ.ಮೀ. ವೇಗದಲ್ಲಿ 83 ಮೀಟರ್. ಅಂತರ ಬದಲಾಗಿಲ್ಲ, ಮೀಟರ್ ಮಾತ್ರ ಹಿಗ್ಗಿದೆ. ಅದಕ್ಕೇ ರೇಸ್ ನೋಡುವಾಗ ಕಣ್ಣು ಗಾಡಿ ಮೇಲೆ ಬೇಡ, ಎಡಗಡೆ ಬರುವ ಸೆಕೆಂಡುಗಳ ಪಟ್ಟಿ ಮೇಲಿರಲಿ.

ಹಾಗಾದರೆ ಎಲ್ಲ ಸ್ಟ್ರೇಟಿಗೂ ಮೊದಲು ಒಂದು ಚಿಕೇನ್ ಹಾಕಿಬಿಟ್ಟರೆ ಮುಗೀತಲ್ಲ ಅನ್ನಬಹುದು. ಬಾರ್ಸಿಲೋನಾದಲ್ಲಿ ಹಾಗೇ ಮಾಡಿದ್ದರು. 2007ರಲ್ಲಿ ಕೊನೆಯ ಜೋರಿನ ತಿರುವಿಗೆ ಮುಂಚೆ ಚಿಕೇನ್ ಕೂಡಿಸಿದರು. ಓವರ್‌ಟೇಕ್ ಅಂಥದ್ದೇನೂ ಹೆಚ್ಚಲಿಲ್ಲ. ಆ ಚಿಕೇನ್ ತೀರಾ ಇಕ್ಕಟ್ಟು, ಒಂದೇ ಸಾಲಿನ ದಾರಿ. ಹಿಂದಿನವನು ಮುಂದಿನವನಿಗಾಗಿ ಕಾದು, ಆಮೇಲೆ ಆಕ್ಸಿಲರೇಟರ್ ಒತ್ತಬೇಕು. 2023ರಲ್ಲಿ ಅದನ್ನು ಬಿಟ್ಟು ಹಳೆಯ ಜೋರಿನ ದಾರಿಗೇ ವಾಪಸ್ ಹೋದರು. ನಿಧಾನದ ತಿರುವು ಇದ್ದರೆ ಸಾಲದು, ಎರಡು ಸಾಲಿನಲ್ಲಿ ನುಗ್ಗುವಷ್ಟು ಅಗಲವೂ ಬೇಕು.

2011ರಿಂದ 2025ರವರೆಗೆ ಡಿಆರ್‌ಎಸ್ ಇತ್ತು. ಗುರುತು ಹಾಕಿದ ಜಾಗದಲ್ಲಿ ಮುಂದಿನವನಿಗಿಂತ ಒಂದು ಸೆಕೆಂಡಿನೊಳಗೆ ಇದ್ದರೆ ಹಿಂದಿನ ರೆಕ್ಕೆ ತೆರೆದು ಸ್ಟ್ರೇಟಿನಲ್ಲಿ ವೇಗ ಸಿಗುತ್ತಿತ್ತು. 2026ರ ನಿಯಮದಲ್ಲಿ ಎಲ್ಲ ಗಾಡಿಗಳ ರೆಕ್ಕೆಯೂ ಸ್ಟ್ರೇಟಿನಲ್ಲಿ ತೆರೆಯುತ್ತದೆ, ಒಂದು ಸೆಕೆಂಡಿನೊಳಗೆ ಇರುವವನಿಗೆ ಹೆಚ್ಚಿನ ವಿದ್ಯುತ್ ಶಕ್ತಿ ಸಿಗುತ್ತದೆ. ಯಂತ್ರ ಬದಲಾಗಿದೆ, ನಕ್ಷೆ ಓದುವ ರೀತಿ ಅದೇ. ಆ ಒಂದು ಸೆಕೆಂಡಿನೊಳಗೆ ಬರಲು ಯಾವ ತಿರುವು ಬಿಡುತ್ತದೆ ಅನ್ನುವುದೇ ಪ್ರಶ್ನೆ.

ಒಂದರ ಹಿಂದೆ ಇನ್ನೊಂದು

ಕೆಂಪು ಗುರುತು ಹಾಕಿ ಆದಮೇಲೆ ಎರಡು ಗುರುತು ಅಕ್ಕಪಕ್ಕ ಇವೆಯಾ ನೋಡಿ. ಇದ್ದರೆ ಆ ರೇಸ್ ಬಿಡಬೇಡಿ. ಬಹ್ರೇನ್‌ನಲ್ಲಿ 1ನೇ ತಿರುವು ನಿಧಾನದ್ದು, ಅಲ್ಲಿಂದ ಇನ್ನೊಂದು ಸ್ಟ್ರೇಟ್ ದಾಟಿದರೆ 4ನೇ ತಿರುವು. 2022ರಲ್ಲಿ ವೆರ್‌ಸ್ಟಾಪನ್ ಒಂದಾದಮೇಲೊಂದು ಲ್ಯಾಪಿನಲ್ಲಿ 1ನೇ ತಿರುವಿನಲ್ಲಿ ಲೆಕ್ಲೇರ್‌ನನ್ನು ದಾಟಿದ. ಲೆಕ್ಲೇರ್ ಗಾಬರಿಯಾಗಲಿಲ್ಲ. ಈಗ ಹಿಂದೆ ಇರುವವನು ತಾನು, ಡಿಆರ್‌ಎಸ್ ತನಗೇ. ಪ್ರತಿ ಸಲವೂ 4ನೇ ತಿರುವಿನ ಹೊತ್ತಿಗೆ ಜಾಗ ವಾಪಸ್ ಕಸಿದುಕೊಂಡ. ನಕ್ಷೆ ಓದಿದವನಿಗೆ ಅದು ಮೊದಲೇ ಕಾಣುತ್ತಿತ್ತು. ಜೋಡಿ ಗುರುತಿನಲ್ಲಿ ಮೊದಲು ದಾಟಿದವನಿಗಿಂತ ಎರಡನೆಯದಕ್ಕೆ ಕಾದವನಿಗೇ ಲಾಭ.

ಇಂಟರ್‌ಲಾಗೋಸ್ ಕೂಡ ಹೀಗೇ. ಕೊನೆಯ ನಿಧಾನದ ತಿರುವಿನಿಂದ ಏರುದಾರಿಯಲ್ಲಿ ಫುಲ್ ಆಕ್ಸಿಲರೇಟರ್, ಮೇಲೆ ಬಂದು ಸೆನ್ನಾ ಎಸ್ ಅನ್ನುವ ಮೊದಲ ತಿರುವುಗಳಿಗೆ ಇಳಿಜಾರಿನಲ್ಲಿ ಬ್ರೇಕ್. ಅಲ್ಲಿ ತಪ್ಪಿದರೆ ಅದಾದಮೇಲಿನ ಸ್ಟ್ರೇಟ್ ಮುಗಿದು 4ನೇ ತಿರುವು. 2021ರ ಶನಿವಾರದ ಸ್ಪ್ರಿಂಟ್‌ನಲ್ಲಿ (ಚಿಕ್ಕ ರೇಸಿನಲ್ಲಿ) ಹ್ಯಾಮಿಲ್ಟನ್ ಕೊನೆಯ ಜಾಗದಿಂದ ಹೊರಟು 5ನೇ ಜಾಗಕ್ಕೆ ಬಂದ. ಮರುದಿನ 10ನೇ ಜಾಗದಿಂದ ಹೊರಟು ರೇಸ್ ಗೆದ್ದ. ಗಾಡಿ ಜೋರಿತ್ತು, ಒಪ್ಪೋಣ. ಆದರೆ ಅದೇ ಗಾಡಿಯನ್ನು ಮೊನಾಕೊದಲ್ಲಿ ಕೊನೆಗೆ ನಿಲ್ಲಿಸಿ ನೋಡಿ!

ಮೊನಾಕೊ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. 3.337 ಕಿ.ಮೀ., ಎರಡೂ ಕಡೆ ಕಬ್ಬಿಣದ ಬೇಲಿ. ಸುರಂಗ ದಾಟಿದ ಮೇಲಿನ ಚಿಕೇನ್ ಬಿಟ್ಟರೆ ಬೇರೆ ಕೆಂಪು ಗುರುತಿಗೆ ಜಾಗವೇ ಇಲ್ಲ. 2018ರಲ್ಲಿ ರಿಕಾರ್ಡೊ ಗಾಡಿಯ ವಿದ್ಯುತ್ ಶಕ್ತಿ ಕೊಡುವ ಭಾಗ ಕೆಟ್ಟು, ಅರ್ಧಕ್ಕಿಂತ ಹೆಚ್ಚು ರೇಸನ್ನು ಕಡಿಮೆ ಪವರ್‌ನಲ್ಲೇ ಓಡಿಸಿ ಗೆದ್ದ. ಹಿಂದೆ ವೆಟ್ಟೆಲ್ ಇದ್ದ, ಏನೂ ಮಾಡಲಾಗಲಿಲ್ಲ. 2024ರಲ್ಲಿ ಮೊದಲ ಹತ್ತು ಜನ ಹೊರಟ ಕ್ರಮದಲ್ಲೇ ಮುಗಿಸಿದರು. ಫಾರ್ಮುಲಾ ಒನ್ ಇತಿಹಾಸದಲ್ಲೇ ಅದು ಮೊದಲ ಸಲ. 2025ರಲ್ಲಿ ಬೇಸತ್ತು, ಎರಡು ಸಲ ಟೈರ್ ಬದಲಿಸಲೇಬೇಕು ಅಂತ ಅಲ್ಲಿಗೆ ಮಾತ್ರ ನಿಯಮ ಮಾಡಿದರು. ಅದರಿಂದಲೂ ಟ್ರ್ಯಾಕ್ ಅಗಲ ಆಗಲಿಲ್ಲ! ಮೊನಾಕೊ ವಾರ ಶನಿವಾರದ ಕ್ವಾಲಿಫೈಯಿಂಗ್ (ಯಾರು ಯಾವ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಓಟ) ತಪ್ಪಿಸಬೇಡಿ. ಭಾನುವಾರ ಬೇಕಾದರೆ ಮನೆಯವರ ಜೊತೆ ಉಣಕಲ್ ಕೆರೆಗೆ ಹೋಗಿ ಗಿರ್ಮಿಟ್ ತಿಂದು ಬನ್ನಿ.

ನೀಲಿ ಪೆನ್ನು: ಉದ್ದ ತಿರುವು ಹುಡುಕಿ

ಟೈರಿಗೆ ಇಕ್ಕಟ್ಟಿನ ಹೇರ್‌ಪಿನ್‌ಗಿಂತ ಉದ್ದದ, ಜೋರಿನ ತಿರುವು ದೊಡ್ಡ ಶತ್ರು. ಹೇರ್‌ಪಿನ್ ನೋಡಲು ಭಯ ಹುಟ್ಟಿಸುತ್ತದೆ, ಆದರೆ ವೇಗ ಕಡಿಮೆ, ಬೇಗ ಮುಗಿಯುತ್ತದೆ. ಜೋರಿನ ತಿರುವಿನಲ್ಲಿ ಗಾಡಿ ಹೊರಕ್ಕೆ ಎಳೆಯುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅದರ ಜೊತೆಗೆ ಡೌನ್‌ಫೋರ್ಸ್ ಬೇರೆ ಮೇಲಿನಿಂದ ಒತ್ತುತ್ತದೆ. ಅಷ್ಟೂ ಭಾರ ಹೊರಗಿನ ಎರಡು ಟೈರುಗಳಿಗೆ, ಅದರಲ್ಲೂ ಮುಂದಿನದಕ್ಕೆ, ಸೆಕೆಂಡುಗಟ್ಟಲೆ. ನಕ್ಷೆಯಲ್ಲಿ ಅಗಲವಾದ ಕಮಾನಿನ ಹಾಗೆ ಕಾಣುವ ತಿರುವು ಸಿಕ್ಕರೆ ಅದರ ಉದ್ದಕ್ಕೂ ನೀಲಿ ಗೆರೆ ಎಳೆಯಿರಿ.

ಇಸ್ತಾಂಬುಲ್‌ನ 8ನೇ ತಿರುವು ಒಂದೇ ಎಡ ತಿರುವಿನಲ್ಲಿ ನಾಲ್ಕು ಒಳತುದಿ ಇರುವಂಥದ್ದು. ಮುಗಿಯುವುದೇ ಇಲ್ಲ. ಅಲ್ಲಿ ಬಲ ಮುಂದಿನ ಟೈರಿಗೆ ಶಿಕ್ಷೆ. ಬಾರ್ಸಿಲೋನಾದ 3ನೇ ತಿರುವು ಉದ್ದನೆಯ ಬಲ ತಿರುವು, ಎಡ ಮುಂದಿನ ಟೈರಿಗೆ ಏಟು. ಮೊದಲು ಹೇಳಿದ ಚಿಕೇನ್ ತೆಗೆದ ಮೇಲೆ ಕೊನೆಯ ಎರಡು ತಿರುವುಗಳೂ ಜೋರಿನ ಬಲ ತಿರುವುಗಳಾದವು. ಅದೇ ಟೈರಿಗೆ ಇನ್ನಷ್ಟು ಕೆಲಸ.

ಸಿಲ್ವರ್‌ಸ್ಟೋನ್‌ನಲ್ಲಿ 2020ರಲ್ಲಿ ಏನಾಯಿತು ನೋಡಿ. ರೇಸಿನ ಮೊದಲ ಭಾಗದಲ್ಲೇ ಅಪಘಾತವಾಗಿ, ಎಲ್ಲರನ್ನೂ ನಿಧಾನ ಓಡಿಸುವ ಸೇಫ್ಟಿ ಕಾರ್ ಬಂತು. ಹೆಚ್ಚಿನವರು ಆಗಲೇ ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಟೈರ್ ಬದಲಿಸುವ ಜಾಗಕ್ಕೆ) ಹೋಗಿ ಗಟ್ಟಿ ಟೈರ್ ಹಾಕಿಸಿಕೊಂಡು ಬಂದರು. ಒಟ್ಟು 52 ಲ್ಯಾಪಿನಲ್ಲಿ ಉಳಿದ ಸುಮಾರು 40 ಲ್ಯಾಪ್ ಅದೇ ಟೈರಿನಲ್ಲಿ. ಕೊನೆಯ ಎರಡು ಮೂರು ಲ್ಯಾಪಿನಲ್ಲಿ ಮೊದಲು ಬೊಟ್ಟಾಸ್, ಆಮೇಲೆ ಸೈನ್ಸ್, ಕೊನೆಯ ಲ್ಯಾಪಿನಲ್ಲಿ ಮುಂದೆ ಇದ್ದ ಹ್ಯಾಮಿಲ್ಟನ್. ಮೂವರದ್ದೂ ಎಡ ಮುಂದಿನ ಟೈರ್! ಹ್ಯಾಮಿಲ್ಟನ್ ಮೂರು ಗಾಲಿಯ ಮೇಲೆ ಗಾಡಿ ಎಳೆದುಕೊಂಡು ಬಂದು ಗೆದ್ದ. ಆ ನಕ್ಷೆಯ ಬಲ ತಿರುವುಗಳನ್ನು ಬೆರಳಿಂದ ತೋರಿಸುತ್ತ ಹೋಗಿ. ಯಾವ ಟೈರ್ ಅನ್ನುವುದು ಶುಕ್ರವಾರವೇ ಗೊತ್ತಾಗುತ್ತಿತ್ತು. ಯಾವ ಲ್ಯಾಪ್ ಅನ್ನುವುದಷ್ಟೇ ಗೊತ್ತಿರಲಿಲ್ಲ.

ಹಿಂದಿನ ಟೈರುಗಳ ಕಥೆ ಬೇರೆ. ನಿಧಾನದ ತಿರುವು, ತಕ್ಷಣ ಜೋರಾಗಿ ಆಕ್ಸಿಲರೇಟರ್, ಮತ್ತೆ ನಿಧಾನದ ತಿರುವು. ಹೀಗೆ ನಾಲ್ಕೈದು ಕಡೆ ಇದ್ದರೆ ಹಿಂದಿನ ಟೈರುಗಳು ಸುತ್ತಿ ಸುತ್ತಿ ಸವೆಯುತ್ತವೆ. ಬಹ್ರೇನ್ ಅಂಥದ್ದೇ, ಜೊತೆಗೆ ಅಲ್ಲಿನ ಡಾಂಬರು ಒರಟು. ವಿಚಿತ್ರ ನೋಡಿ, ಓವರ್‌ಟೇಕಿಗೆ ಒಳ್ಳೆಯದಾದ ನಕ್ಷೆ ಹಿಂದಿನ ಟೈರಿಗೆ ಕೆಟ್ಟದ್ದು. ಕೆಂಪು ಗುರುತಿಗೆ ಕಾರಣವಾದ ನಿಧಾನದ ತಿರುವೇ ನೀಲಿ ಗುರುತಿಗೂ ಕಾರಣ. ಎರಡು ಪೆನ್ನಿನ ಗೆರೆ ಒಂದರ ಮೇಲೊಂದು ಬಿದ್ದರೆ ನೀವು ತಪ್ಪಿಲ್ಲ, ಸರಿಯಾಗೇ ಓದುತ್ತಿದ್ದೀರಿ.

ಇಳಿಜಾರು ಕಟ್ಟಿದ, ಅಂದರೆ ಹೊರ ಅಂಚು ಎತ್ತರಿಸಿದ ತಿರುವು ಇದ್ದರೆ ಪಕ್ಕದಲ್ಲಿ ಒಂದು ಎಚ್ಚರಿಕೆ ಗುರುತು ಹಾಕಿ. ಅಲ್ಲಿ ಗಾಡಿ ಜೋರಾಗಿ ಹೋಗುತ್ತದೆ, ಟೈರಿನ ಗೋಡೆ ಮೇಲೆ ಒತ್ತಡ ಬೀಳುತ್ತದೆ. 2005ರ ಇಂಡಿಯಾನಾಪೊಲಿಸ್ ರೇಸಿನಲ್ಲಿ ಅಂಥ 13ನೇ ತಿರುವಿನ ಭಾರವನ್ನು ಮಿಷೆಲಿನ್ ಟೈರುಗಳು ತಾಳಲಾರವು ಅಂತಾಯಿತು. ಆ ಟೈರ್ ಹಾಕಿದ್ದ 14 ಗಾಡಿಗಳು ರೇಸ್ ಶುರುವಾಗುವ ಮುಂಚಿನ ಫಾರ್ಮೇಷನ್ ಲ್ಯಾಪ್ ಮುಗಿಸಿ ಪಿಟ್‌ಗೆ ಹೋಗಿಬಿಟ್ಟವು. ರೇಸ್ ಓಡಿದ್ದು ಆರೇ ಗಾಡಿಗಳು. ಇಡೀ ಸರ್ಕೀಟಿನಲ್ಲಿ ಒಂದೇ ತಿರುವು ಮಾಡಿದ ಕೆಲಸ ಅದು.

ಬೈಕ್ ನೋಡುವವರಿಗೆ ಒಂದು ಮಾತು. ಅಲ್ಲಿ ಸವೆತದಷ್ಟೇ ಅಪಾಯ ತಣ್ಣಗಾಗುವುದು. ಜರ್ಮನಿಯ ಸಾಕ್ಸೆನ್‌ರಿಂಗ್‌ನಲ್ಲಿ 10 ಎಡ ತಿರುವು, ಬಲ ತಿರುವು ಮೂರೇ. ಸಾಲು ಸಾಲು ಎಡಕ್ಕೇ ವಾಲಿ ವಾಲಿ ಬೈಕ್ 11ನೇ ತಿರುವಿನಲ್ಲಿ ಬಲಕ್ಕೆ ವಾಲುವ ಹೊತ್ತಿಗೆ ಟೈರಿನ ಬಲಭಾಗ ತಣ್ಣಗಾಗಿರುತ್ತದೆ. ಎಷ್ಟೋ ಜನ ಬೀಳುವುದು ಅಲ್ಲೇ. ಅದಕ್ಕೇ ಅಂಥ ಕಡೆ ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ರಬ್ಬರ್ ಇರುವ ಟೈರ್ ಕೊಡುತ್ತಾರೆ.

ನಕ್ಷೆಯಲ್ಲಿ ಕಾಣದ್ದು: ಡಾಂಬರು ಮತ್ತು ಕರ್ಬ್

ಗೆರೆಗಳಿಂದ ಎಲ್ಲ ತಿಳಿಯಲ್ಲ. ಈ ವರ್ಷ ಡಾಂಬರು ಹೊಸದಾಗಿ ಹಾಕಿದ್ದಾರಾ ಅಂತ ಸುದ್ದಿ ಓದಿ. 2013ರಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಐಲ್ಯಾಂಡ್‌ಗೆ ಹೊಸ ಡಾಂಬರು ಹಾಕಿದ್ದರು. ಮೋಟೋಜಿಪಿ ಬೈಕ್ ರೇಸಿನ ಬ್ರಿಡ್ಜ್‌ಸ್ಟೋನ್ ಟೈರುಗಳು ಪೂರ್ತಿ ರೇಸ್ ತಡೆಯುವುದಿಲ್ಲ ಅಂತ ತಿಳಿದು, ರೇಸನ್ನು 19 ಲ್ಯಾಪಿಗೆ ಇಳಿಸಿ, ಮಧ್ಯದಲ್ಲಿ ಬೈಕ್ ಬದಲಿಸಲೇಬೇಕು ಅಂದರು. ಮಾರ್ಕೆಸ್ ಒಂದು ಲ್ಯಾಪ್ ತಡವಾಗಿ ಒಳಗೆ ಬಂದು ರೇಸಿನಿಂದಲೇ ಹೊರಬಿದ್ದ.

2023ರ ಕತಾರ್‌ನಲ್ಲಿ ಕೆಟ್ಟದ್ದು ಕರ್ಬ್, ಅಂದರೆ ಟ್ರ್ಯಾಕಿನ ಅಂಚಿನ ಕಟ್ಟೆ. ಜೋರಿನ ತಿರುವುಗಳ ಹೊರಗೆ ಚೂಪು ಏಣಿನ ಕರ್ಬುಗಳು. ಗಾಡಿಗಳು ಅದರ ಮೇಲೆ ಹತ್ತಿ ಹತ್ತಿ ಟೈರಿನ ಪಕ್ಕದ ಗೋಡೆಯೊಳಗೆ ಪದರ ಬಿಡಲು ಶುರುವಾಯಿತು. ಮೇಲೆ ನೋಡಿದರೆ ಏನೂ ಗೊತ್ತಾಗಲ್ಲ. ಒಂದು ಟೈರ್ 18 ಲ್ಯಾಪಿಗಿಂತ ಜಾಸ್ತಿ ಓಡಬಾರದು ಅಂತ ನಿಯಮ ಹಾಕಿದರು. 57 ಲ್ಯಾಪಿನ ರೇಸು, ಕಡಿಮೆ ಅಂದರೂ ಮೂರು ಸಲ ಪಿಟ್. ನನ್ನ ಅಂಗಡಿಯಲ್ಲೂ ಈ ಒಳಪೆಟ್ಟು ಆಗಾಗ ಕಾಣುತ್ತದೆ. ಡಿವೈಡರ್ ಕಲ್ಲಿಗೆ ಗಾಲಿ ಹತ್ತಿಸಿದ ಗಾಡಿಯಲ್ಲಿ ಟೈರಿನ ಪಕ್ಕ ಗುಳ್ಳೆ ಬಂದಿರುತ್ತದೆ. ಅದಕ್ಕೆ ಪಂಕ್ಚರ್ ಹಾಕಲು ಬರಲ್ಲ, ಟೈರೇ ಬದಲಿಸಬೇಕು. ಗಿರಾಕಿಗಳು ಮಾತ್ರ "ಇನ್ನೊಂದು ತಿಂಗಳ ಓಡ್ತೈತಿ ಬಿಡ್ರಿ" ಅಂತಾರೆ.

ಸವೆತ ಬೇರೆ, ಗ್ರಿಪ್ (ರಸ್ತೆ ಮೇಲಿನ ಹಿಡಿತ) ಹೋಗುವುದು ಬೇರೆ. ರೇಸಿನ ಟೈರ್ ಇನ್ನೂ ದಪ್ಪ ಇದ್ದಾಗಲೇ ಅತಿಯಾಗಿ ಬಿಸಿಯಾಗಿ ಗ್ರಿಪ್ ಬಿಡಬಹುದು. ಟೈರಿನ ಮೈ ತಣ್ಣಗಿದ್ದು ಜಾರಿದರೆ ರಬ್ಬರ್ ಸುರುಳಿ ಸುರುಳಿಯಾಗಿ ಏಳುತ್ತದೆ. ಪೆನ್ಸಿಲ್ ಗೆರೆ ಅಳಿಸುವಾಗ ಉದುರುವ ಚೂರುಗಳ ಹಾಗೆ. ಇದು ಗ್ರೈನಿಂಗ್. ನಿಧಾನ ಓಡಿಸಿದರೆ ಕೆಲವು ಲ್ಯಾಪಿನಲ್ಲಿ ತಾನೇ ಹೋಗಬಹುದು. ಒಳಗಿನ ರಬ್ಬರ್ ಅತಿಯಾಗಿ ಕಾದು ಗುಳ್ಳೆ ಎದ್ದರೆ ಬ್ಲಿಸ್ಟರಿಂಗ್. ಅದು ವಾಸಿಯಾಗಲ್ಲ. ಮೋಂಜಾದಲ್ಲಿ 2024ರಲ್ಲಿ ಹೊಸ ಡಾಂಬರು ಹಾಕಿದ್ದರು. ಎಡ ಮುಂದಿನ ಟೈರಿನಲ್ಲಿ ಗ್ರೈನಿಂಗ್ ಕಂಡು ಮೆಕ್ಲಾರೆನ್ ಎರಡು ಸಲ ಪಿಟ್‌ಗೆ ಕರೆಯಿತು. ಓಡುತ್ತ ಓಡುತ್ತ ಟ್ರ್ಯಾಕಿಗೆ ರಬ್ಬರ್ ಮೆತ್ತಿ ಗ್ರೈನಿಂಗ್ ಕಡಿಮೆಯಾಯಿತು. ಲೆಕ್ಲೇರ್ ಒಂದೇ ಸ್ಟಾಪಿನಲ್ಲಿ ರೇಸ್ ಗೆದ್ದ.

ಎರಡು ಬಣ್ಣ ಕೂಡಿಸುವುದು

ಇಷ್ಟು ಆದಮೇಲೆ ನಕ್ಷೆ ದೂರ ಹಿಡಿದು ನೋಡಿ. ಯಾವ ಬಣ್ಣ ಎದ್ದು ಕಾಣುತ್ತದೆ?

ನೀಲಿ ಜಾಸ್ತಿ, ಕೆಂಪು ಕಡಿಮೆ ಇದ್ದರೆ ಬೇಸರ ಮಾಡಿಕೊಳ್ಳಬೇಡಿ. ನನಗೆ ಎಲ್ಲಕ್ಕಿಂತ ಇಷ್ಟ ಆ ತರಹದ ರೇಸು. ಹಂಗೇರಿ ಹಾಗಿದೆ. ಸುತ್ತಿ ಬಳಸಿ ಹೋಗುವ ದಾರಿ, ಮುಂದಿನವನನ್ನು ದಾಟುವುದು ಕಷ್ಟ, ಬಿಸಿಲಿಗೆ ಟೈರ್ ಕಾಯುತ್ತದೆ. 2019ರಲ್ಲಿ ಅಲ್ಲಿ ಹ್ಯಾಮಿಲ್ಟನ್, ವೆರ್‌ಸ್ಟಾಪನ್ ಹಿಂದೆ ಸಿಕ್ಕಿಕೊಂಡಿದ್ದ. ಮರ್ಸಿಡಿಸ್ ತಂಡ ಅವನನ್ನು ಎರಡನೇ ಸಲ ಪಿಟ್‌ಗೆ ಕರೆಯಿತು. ಹೊರಗೆ ಬಂದಾಗ ಅಂತರ 20 ಸೆಕೆಂಡ್ ಆಸುಪಾಸು, ಉಳಿದದ್ದು ಇಪ್ಪತ್ತು ಚಿಲ್ಲರೆ ಲ್ಯಾಪ್. ಲೆಕ್ಕ ಹಾಕಿ, ಲ್ಯಾಪಿಗೆ ಒಂದು ಸೆಕೆಂಡ್ ಹಿಂಡಬೇಕು. ಹೊಸ ಟೈರು ಅದನ್ನು ಕೊಟ್ಟಿತು. 70 ಲ್ಯಾಪಿನ ರೇಸಿನಲ್ಲಿ 67ನೇ ಲ್ಯಾಪಿಗೆ, 1ನೇ ತಿರುವಿನಲ್ಲಿ ಹೊರಗಿನಿಂದಲೇ ದಾಟಿದ. ಟ್ರ್ಯಾಕ್ ಕೊಡದ ಓವರ್‌ಟೇಕನ್ನು ಟೈರ್ ಕೊಡಿಸಿತು.

ಅದಕ್ಕೇ ಪಿಟ್‌ನ ಲೆಕ್ಕವನ್ನೂ ನಕ್ಷೆಯ ಮೂಲೆಯಲ್ಲಿ ಬರೆಯಿರಿ. ಹೆಚ್ಚಿನ ಕಡೆ ಪಿಟ್‌ಗೆ ಹೋಗಿಬರಲು 20 ಸೆಕೆಂಡ್ ಆಸುಪಾಸು ಖರ್ಚು. ಪಿಟ್ ಒಳಗೆ ವೇಗದ ಮಿತಿ 80 ಕಿ.ಮೀ., ಮೊನಾಕೊದಂಥ ಇಕ್ಕಟ್ಟಿನ ಕಡೆ 60. ಪಿಟ್ ದಾರಿ ಉದ್ದ ಇದ್ದಷ್ಟೂ ತಂಡಗಳು ಸ್ಟಾಪ್ ಕಡಿಮೆ ಮಾಡಲು ನೋಡುತ್ತವೆ. ಹಳೆಯ ಟೈರಿಗೂ ಹೊಸದಕ್ಕೂ ಲ್ಯಾಪಿಗೆ ಒಂದೂವರೆ ಸೆಕೆಂಡ್ ವ್ಯತ್ಯಾಸ ಇದ್ದರೆ, ಒಂದು ಲ್ಯಾಪ್ ಮೊದಲು ಪಿಟ್‌ಗೆ ಹೋದವನು ಎದುರಾಳಿಯನ್ನು ಪಿಟ್‌ನಲ್ಲೇ ದಾಟಿಬಿಡುತ್ತಾನೆ. ಇದನ್ನೇ ಅಂಡರ್‌ಕಟ್ ಅನ್ನುವುದು. ಬಾರ್ಸಿಲೋನಾದಂಥ ನೀಲಿ ನಕ್ಷೆಯಲ್ಲಿ ಇದು ಕೆಲಸ ಮಾಡುತ್ತದೆ. ಟೈರ್ ಬಿಸಿಯಾಗಲು ಸಮಯ ಹಿಡಿಯುವ ಮೊನಾಕೊದಲ್ಲಿ ಕೆಲವು ಸಲ ತಡವಾಗಿ ಹೋದವನಿಗೇ ಲಾಭ.

ಫಾರ್ಮುಲಾ ಒನ್‌ಗೆ ಟೈರ್ ಕೊಡುವ ಪಿರೆಲ್ಲಿ ಯಾವ ಮೂರು ಟೈರ್ ಕಳಿಸಿದೆ ಅನ್ನುವುದು ನಿಮ್ಮ ಉತ್ತರ ಸರಿಯಾ ಅಂತ ನೋಡಲು ಸುಲಭ ದಾರಿ. ಸಿ1 ಗಟ್ಟಿ, ನಂಬರ್ ಏರಿದಷ್ಟೂ ಮೆತ್ತಗೆ. ಸುಜುಕಾದಂಥ ಕಡೆಗೆ ಹೆಚ್ಚಾಗಿ ಗಟ್ಟಿಯವು, ಮೊನಾಕೊಗೆ ಮೆತ್ತನೆಯವು. ನಿಮ್ಮ ನಕ್ಷೆ ತುಂಬ ನೀಲಿ ಇದ್ದು ಅವರು ಮೆತ್ತನೆಯದು ಕಳಿಸಿದ್ದರೆ ಇನ್ನೊಮ್ಮೆ ನೋಡಿ. ಬೇಕೆಂತಲೇ ಎರಡು ಸ್ಟಾಪ್ ಆಗಲಿ ಅಂತಲೂ ಕೆಲವು ಸಲ ಕಳಿಸುತ್ತಾರೆ.

ಕೈ ಪಳಗಿಸಲು: ಬುದ್ಧ ಸರ್ಕೀಟ್

ಗ್ರೇಟರ್ ನೊಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕೀಟ್ ತೆಗೆದುಕೊಳ್ಳಿ. 5.125 ಕಿ.ಮೀ., 16 ತಿರುವು, ಮುಳ್ಳಿನ ದಿಕ್ಕು. ಮೂಲೆಯಲ್ಲಿ ‘ಎಡ’ ಅಂತ ಬರೆಯಿರಿ. 3ನೇ ತಿರುವು ನಿಧಾನದ್ದು, ಏರಿನ ಮೇಲಿದೆ, ಒಳಗೆ ನುಗ್ಗುವ ಜಾಗವನ್ನು ಬೇಕೆಂತಲೇ ಅಗಲ ಮಾಡಿದ್ದಾರೆ. ಅದಾದಮೇಲೆ ಒಂದು ಕಿ.ಮೀ.ಗಿಂತ ಸ್ವಲ್ಪ ಉದ್ದದ ಸ್ಟ್ರೇಟ್, ತುದಿಯಲ್ಲಿ ನಿಧಾನದ 4ನೇ ತಿರುವು. ಬುಡ ನಿಧಾನ, ತುದಿ ನಿಧಾನ, ಅಗಲ ಇದೆ. ದೊಡ್ಡ ಕೆಂಪು ಗುರುತು. 10, 11 ಸೇರಿ ಉದ್ದನೆಯ ಬಲ ಕಮಾನು. ಅದರ ಉದ್ದಕ್ಕೂ ನೀಲಿ. ಎಡ ಮುಂದಿನ ಟೈರ್ ಜೋಪಾನ.

2011ರಿಂದ 2013ರವರೆಗೆ ಅಲ್ಲಿ ಫಾರ್ಮುಲಾ ಒನ್ ನಡೆಯಿತು. ಮೂರೂ ಸಲ ಮೊದಲ ಜಾಗದಿಂದ ಹೊರಟು ವೆಟ್ಟೆಲ್ಲೇ ಗೆದ್ದ. "ಹಂಗಾರ ನಿಮ್ಮ ಕೆಂಪು ಗುರುತು ಏನ್ ಆತ್ರಿ ಕಾಕಾ?" ಅಂತ ನಮ್ಮ ಹುಡುಗ ಕೇಳಿದ. ಗುರುತು ಸರಿಯೇ ಇದೆ. ಎಲ್ಲರಿಗಿಂತ ಜೋರಾದವನು ಎಲ್ಲರಿಗಿಂತ ಮುಂದೆ ನಿಂತರೆ ಯಾವ ಸರ್ಕೀಟ್ ಏನು ಮಾಡೀತು? ಅವನ ಹಿಂದಿನವರ ಜಗಳ ನೋಡಬೇಕು. ಟೈರಿನ ಗುರುತು ಮಾತ್ರ ವೆಟ್ಟೆಲ್‌ಗೂ ತಪ್ಪಲಿಲ್ಲ. 2013ರಲ್ಲಿ ಮೆತ್ತನೆಯ ಟೈರಿನಲ್ಲಿ ಹೊರಟವನು ಮುಂದೆ ಇದ್ದರೂ ಎರಡೇ ಲ್ಯಾಪಿಗೆ ಪಿಟ್‌ಗೆ ಬಂದು ಅದನ್ನು ಬಿಸಾಡಿದ. ಆ ಟೈರ್ ಬಾಳಲ್ಲ ಅಂತ ತಂಡಕ್ಕೆ ಮೊದಲೇ ಗೊತ್ತಿತ್ತು.

ಭಾನುವಾರ ಟಿವಿ ಮುಂದೆ

ನಕ್ಷೆ ಪಕ್ಕದಲ್ಲೇ ಇರಲಿ. ಮೊದಲ ಐದು ಲ್ಯಾಪ್ ಬಿಡಿ, ಅದು ಗಲಾಟೆ. ಆಮೇಲೆ ನೀವು ನೀಲಿ ಗೆರೆ ಎಳೆದ ತಿರುವಿನಲ್ಲಿ ಗಾಡಿಯ ಮೇಲಿನ ಕ್ಯಾಮೆರಾ ಬಂದಾಗ ಡ್ರೈವರಿನ ಕೈ ನೋಡಿ. ಸ್ಟೇರಿಂಗ್ ಇನ್ನೂ ಜಾಸ್ತಿ ತಿರುಗಿಸಿದರೂ ಗಾಡಿ ತಿರುಗದಿದ್ದರೆ ಮುಂದಿನ ಟೈರ್ ಹೋಗಿದೆ. ತಿರುವಿನಿಂದ ಹೊರಬರುವಾಗ ಹಿಂಭಾಗ ಜಾರಿ, ಕೈ ಉಲ್ಟಾ ತಿರುಗಿಸುತ್ತಿದ್ದರೆ ಹಿಂದಿನ ಟೈರ್. ರೇಡಿಯೋದಲ್ಲಿ ಡ್ರೈವರುಗಳು ಟೈರ್ ಸತ್ತಿದೆ ಅಂತ ಗೋಳಾಡುವುದನ್ನು ಪೂರ್ತಿ ನಂಬಬೇಡಿ, ಅರ್ಧ ನಾಟಕ ಇರುತ್ತದೆ. ಕೈ ಸುಳ್ಳು ಹೇಳಲ್ಲ.

ಇಬ್ಬರ ಅಂತರ ಸತತ ಮೂರು ಲ್ಯಾಪ್ ಕಡಿಮೆಯಾಗುತ್ತ ಬಂದರೆ ಚಹಾ ತರಲು ಏಳಬೇಡಿ. ಅಂತರ ಒಂದು ಸೆಕೆಂಡಿಗೆ ಬಂದು ಅಲ್ಲೇ ನಾಲ್ಕೈದು ಲ್ಯಾಪ್ ನಿಂತುಬಿಟ್ಟರೆ, ಕಲಕಿದ ಗಾಳಿಯಲ್ಲಿ ಹಿಂದಿನವನ ಟೈರೂ ಬಿಸಿಯೇರುತ್ತಿದೆ ಅಂತ ಅರ್ಥ. ಆಗ ಅವನು ಒಂದೋ ಸ್ವಲ್ಪ ಹಿಂದೆ ಸರಿದು ಟೈರ್ ತಣ್ಣಗಾಗಲು ಬಿಡುತ್ತಾನೆ, ಇಲ್ಲ ಪಿಟ್‌ಗೆ ಹೋಗುತ್ತಾನೆ. ಅವಾಗ ಚಹಾ ತರಬಹುದು.

ಹೊಸಬರು ಬಹ್ರೇನ್‌ನಿಂದ ಶುರು ಮಾಡಿ, ಅಲ್ಲಿ ಗುರುತುಗಳು ನಿಚ್ಚಳ. ಆಮೇಲೆ ಬಾರ್ಸಿಲೋನಾ, ಸಿಲ್ವರ್‌ಸ್ಟೋನ್. ಸುಜುಕಾ ಕೊನೆಗೆ ಇಟ್ಟುಕೊಳ್ಳಿ. ಅದರ ಮೊದಲ ಭಾಗದ ಎಸ್ ತಿರುವುಗಳಲ್ಲಿ ಎಡ, ಬಲ, ಎಡ, ಬಲ ಅಂತ ನೀಲಿ ಪೆನ್ನು ಎತ್ತಲಿಕ್ಕೇ ಬಿಡಲ್ಲ.